ಐದನೆಯ ಮುಚ್ಚಳ

ಮಲಪನಗುಡಿ, ಹೊಸಪೇಟೆ ತಾಲ್ಲೂಕು
೧೦ ಏಪ್ರಿಲ್ ೨೦೨೫, ಗುರುವಾರ

ಪ್ರೀತಿಯ ಈಶಣ್ಣಾ,

ಹೇಗಿದ್ದೀಯಾ? ಎಡಗಣ್ಣಿನ ಗುಳಿಯಲ್ಲಿ ಇನ್ನೂ ನೀರು ಸುರಿಯುತ್ತದೆಯೆ? ಗಂಗಾವತಿಯ ನಿನ್ನ ರೈಸ್ ಮಿಲ್ಲಿನಲ್ಲಿ ತೌಡಿನ ಧೂಳು ಬಹಳವಂತೆ. ಕನ್ನಡಕ ಹಾಕಿಕೊಂಡೇ ಚೀಲ ಹೊಲಿ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಮಿಲ್ಲಿನ ಲಾರಿ ಓಡಿಸುವ ಮುರುಗೇಶನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅವ್ವನ ಮೊಣಕಾಲು ನೋವು ಹಾಗೇ ಇದೆ. ನಾನು ಚೆನ್ನಾಗಿದ್ದೇನೆ.

ಭಾನುವಾರ ಸಂಡೂರಿನಲ್ಲಿ ಬೇಸಿಗೆ ಬಯಾಥ್ಲಾನಿನ ಆಯ್ಕೆ ಸ್ಪರ್ಧೆ. ಅದೆಂಥ ಆಟವೆಂದು ಓಣಿಯವರು ಕೇಳಿದರೆ ಅವ್ವ ಈಗಲೂ ನಿನ್ನ ಮಾತನ್ನೇ ಹೇಳುತ್ತಾಳೆ: “ಓಡ್ತಾಳ, ನಿಂತು ಗುಂಡು ಹೊಡಿತಾಳ, ಮತ್ತ ಓಡ್ತಾಳ. ಬೆನ್ನ ಹತ್ತಿದವರು ಯಾರಂತ ಮಾತ್ರ ಕೇಳಬ್ಯಾಡ್ರಿ.” ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ, ಏಕೆಂದರೆ ಬೆನ್ನ ಹಿಂದೆ ಯಾರೋ ಇರುತ್ತಾರೆ. ಬೆಳಿಗ್ಗೆ ಐದೂವರೆಗೆ ಹಳೆಯ ಬಾವಿಯ ಪಕ್ಕದಿಂದ ಹಂಪಿ ಕಡೆಗೆ ಓಡುತ್ತೇನೆ. ಬಾಳೆತೋಟ ಶುರುವಾಗುವಲ್ಲಿ ನಿನ್ನ ಸೈಕಲ್ಲಿನ ಸಡಿಲ ಮಡ್‌ಗಾರ್ಡ್ ಕಟಕಟ ಎನ್ನುತ್ತದೆ, ಹತ್ತು ಹೆಜ್ಜೆ ಹಿಂದೆ, ನೀನು ಯಾವಾಗಲೂ ಬಿಡುತ್ತಿದ್ದಷ್ಟೇ ಅಂತರದಲ್ಲಿ. ನಾನು ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸುತ್ತದೆ. ತಿರುಗಿ ನೋಡಿದರೆ ರಸ್ತೆ ಖಾಲಿ. ಮನೆಗೆ ಬಂದವಳೇ ಕೊಟ್ಟಿಗೆಗೆ ಹೋಗಿ ಸೈಕಲ್ ಮುಟ್ಟಿ ನೋಡುತ್ತೇನೆ. ಹಾಕಿದ ಬೀಗ ಹಾಗೇ ಇದೆ, ಎರಡೂ ಟೈರು ಗಾಳಿ ಇಳಿದು ನೆಲಕ್ಕೆ ಕೂತಿವೆ.

ಓಟದಲ್ಲಿ ನನಗೆ ತೊಂದರೆಯಿಲ್ಲ, ಗುರಿಯಲ್ಲಿದೆ. ಮೈದಾನದಲ್ಲಿ ಈಗ ಸರಿಯಾದ ಫಲಕ ಬಂದಿದೆ, ಐದು ಕಪ್ಪು ಬಿಲ್ಲೆಗಳು, ಗುಂಡು ತಗುಲಿದರೆ ಬಿಳಿಯಾಗುತ್ತವೆ. ಎಡದಿಂದ ನಾಲ್ಕನ್ನು ಹೊಡೆಯುತ್ತೇನೆ. ಏರ್ ರೈಫಲ್ಲನ್ನು ಐದನೆಯದಕ್ಕೆ ತಿರುಗಿಸಿದರೆ ಬಿಲ್ಲೆ ಕಾಣುವುದಿಲ್ಲ. ನನ್ನ ಅಭ್ಯಾಸಕ್ಕೆಂದು ನೀನು ನಮ್ಮ ಹಿತ್ತಲಿನ ತಂತಿಗೆ ತೂಗುಹಾಕಿದ್ದ ಐದು ತಗಡಿನ ಮುಚ್ಚಳಗಳಲ್ಲಿ ಕೊನೆಯದು ಕಾಣುತ್ತದೆ, ಅದರ ಹಿಂದೆ ಒದ್ದೆ ಗೋಣಿಚೀಲಗಳ ಒಟ್ಟಿಲು, ಅದರ ಹಿಂದಿನಿಂದ ಮೇಲೇಳುವ ನಿನ್ನ ತಲೆ. ಬೇಕೆಂದೇ ಮಣ್ಣಿನ ದಿಬ್ಬಕ್ಕೆ ಹೊಡೆಯುತ್ತೇನೆ. ಒಂದು ತಪ್ಪಿಗೆ ಒಂದು ದಂಡದ ಸುತ್ತು ಓಡಬೇಕಲ್ಲ, ಓಡುತ್ತೇನೆ. ಆ ಸುತ್ತಿನಲ್ಲಿ ಮಾತ್ರ ಮಡ್‌ಗಾರ್ಡಿನ ಸದ್ದು ಕೇಳುವುದಿಲ್ಲ. ಕಲಿಸುವ ಗವಿಸಿದ್ದಪ್ಪ ಸರ್‌ಗೆ ಇದೆಲ್ಲ ಗೊತ್ತಿಲ್ಲ. “ನಾಲ್ಕು ನೀ ಹೊಡಿ, ಐದನೇದು ನಿಮ್ಮಜ್ಜ ಎದ್ದು ಬಂದು ಹೊಡಿತಾನೇನವಾ?” ಎಂದು ಎಲ್ಲರ ಎದುರೇ ಕೇಳಿದರು. ಐದೂ ಬೀಳದಿದ್ದರೆ ಈ ಸಲವೂ ಆಯ್ಕೆಯಿಲ್ಲ, ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ.

ನಮ್ಮ ಕಟ್ಟಳೆ ನಿನಗೆ ನೆನಪಿರಬೇಕು. ತಂತಿ ಬಿಗಿಯಲು ನೀನು ಚೀಲಗಳ ಹಿಂದೆ ಕೂತರೆ ಬೇವಿನ ಮರದ ಮೊಳೆಗೆ ಕೆಂಪು ಟವೆಲ್. ಟವೆಲ್ ಇರುವವರೆಗೆ ನಾನು ರೈಫಲ್ ಎತ್ತಬಾರದು. ನನ್ನ ಗುಂಡು ನಿನ್ನ ಕಣ್ಣಿಗೆ ತಗುಲಿದ ದಿನ ಆಸ್ಪತ್ರೆಯಲ್ಲಿ, ಅರ್ಧ ಮುಖಕ್ಕೆ ಬಟ್ಟೆ ಸುತ್ತಿದ್ದರೂ, ನೀನು ಮೊದಲು ಹೇಳಿದ್ದು “ಟವೆಲ್ ಹಾಕೋದು ಮರ್ತೆ ಅವ್ವ, ಅಕಿಗೇನೂ ಅನಬ್ಯಾಡ” ಎಂದು. ಒಂದೇ ಕಣ್ಣಿನವನಿಗೆ ಅದಿರಿನ ಲಾರಿ ಯಾರು ಕೊಡುತ್ತಾರೆ? ಕೈಗೆ ಬಂದಿದ್ದ ಕೆಲಸ ಹೋಯಿತು. ಅವ್ವ ಉಣ್ಣಲು ಬಡಿಸಿದಾಗಲೆಲ್ಲ “ಒಂದು ಟವೆಲ್ ಹಾಕಾಕ ಆಗಲಿಲ್ಲಲ್ಲೋ ನಿನಗ” ಎಂದಳು. ಎಂಟು ತಿಂಗಳು ಎಂದಳು. ನೀನು ಮನೆ ಬಿಟ್ಟ ದಿನವೂ ಎಂದಳು. ನಾನು ಪಕ್ಕದಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದೆ.

ಭಾನುವಾರ ಬಾ ಅಣ್ಣಾ. ಓಡುವಾಗ ನೋಡದಿದ್ದರೂ ಪರವಾಗಿಲ್ಲ, ನಾನು ಗುರಿ ಹಿಡಿಯುವಾಗ ಗೆರೆಯ ಹಿಂದೆ ನಿಲ್ಲು. ನೀನು ನಿಜವಾಗಿ ನನ್ನ ಬೆನ್ನ ಹಿಂದೆ ನಿಂತಿದ್ದರೆ ಆ ಚೀಲಗಳ ಹಿಂದೆ ಇರಲಾರೆ. ಶೇಂಗಾ ಚಟ್ನಿಪುಡಿ, ಕಟಿ ರೊಟ್ಟಿ ಕಳಿಸಿದ್ದೇನೆ. ಪಕ್ಕದ ಮನೆ ಹಂಪಮ್ಮತ್ತೆ ನಿನ್ನನ್ನು ಕೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿನ್ನ ತಂಗಿ
ಗಂಗಾಂಬಿಕಾ

ಮರೆತದ್ದು: ಮುರುಗೇಶ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದೂ ಅಲ್ಲ. ಟವೆಲ್ ಮೊಳೆಯಲ್ಲಿತ್ತು. ನಾನು ನೋಡಿದ್ದೆ. ಓಡಿ ಬಂದಿದ್ದೆ, ಗಡಿಯಾರ ನಡೆಯುತ್ತಿತ್ತು, ನೀನು ಏಳುವಷ್ಟರಲ್ಲಿ ಐದೂ ಮುಗಿಸುತ್ತೇನೆ ಅಂದುಕೊಂಡೆ. ನಾಲ್ಕು ಮುಗಿಸಿದ್ದೆ. ಇವತ್ತು ಬೆಳಿಗ್ಗೆ ಇದನ್ನು ಅವ್ವನಿಗೆ ಹೇಳಿದೆ. ಆಮೇಲೆ ಅವಳು ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ.