ಸಾರಿಗೆ ಬೆರೆಸಿದ ಪುಡಿ

ಮಾರ್ಚ್ 31, 2025, ಸೋಮವಾರ

ಬೆಳಿಗ್ಗೆ ಡೇರಿ. ಇಬ್ಬರು ಹಾಲಿಗೆ ನೀರು ಬೆರೆಸಿ ತಂದಿದ್ದರು. ವಾಪಸ್ ಕಳಿಸಿದೆ. ಬೈದುಕೊಂಡು ಹೋದರು. ಟೆಸ್ಟರ್ ಕೆಲಸವೇ ಅಷ್ಟು, ಊರಿಗೆಲ್ಲ ಕೆಟ್ಟವನಾಗುವುದು.

ಇವತ್ತು ಹೊಸತೊಡಕು, ಯುಗಾದಿಯ ಮಾರನೇ ದಿನ. ನಮ್ಮೂರು ಬೂಕನಕೆರೆ ತುಂಬ ಮಾಂಸ, ಬಾಟ್ಲಿ. ನನಗೆ ಮಾಂಸದ ಸಾರು, ಮುದ್ದೆ ಅಷ್ಟೆ. ಕುಡಿತ ಬಿಟ್ಟು ಇವತ್ತಿಗೆ ಐವತ್ತು ದಿನ. ಡೇರಿ ಸೆಕ್ರೆಟರಿ ಮಂಚಯ್ಯ ಬೆನ್ನು ತಟ್ಟಿದ. "ಗಂಡ್ಸು ಅಂದ್ರೆ ನೀನು ಕಣ್ಲಾ. ಯಾರ್ ಕೈಲಾಯ್ತದೆ ಇದು?" ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ಅವನ ಬಾಯಲ್ಲಿ ಈ ಮಾತು ಕೇಳಿ ಎದೆ ಉಬ್ಬಿತು. ಇಲ್ಲಿ ಯಾರು ನೋಡುತ್ತಾರೆ, ಬರೆದೇಬಿಡುತ್ತೇನೆ — ನನ್ನ ಮೇಲೆ ನನಗೇ ಗೌರವ ಬಂದಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಏಪ್ರಿಲ್ 4, ಶುಕ್ರವಾರ

ಸುಸ್ತು. ಬಾಯಲ್ಲಿ ತಾಮ್ರ ನೆಕ್ಕಿದ ರುಚಿ. ಹೊಟ್ಟೆಯೂ ಸರಿಯಿಲ್ಲ. ಕುಡಿತ ಬಿಟ್ಟವರಿಗೆಲ್ಲ ಹೀಗೇ ಇರಬೇಕು. ಕೆ.ಆರ್. ಪೇಟೆಗೆ ಹೋಗಿದ್ದೆ, ಮೆಡಿಕಲ್ಸಿನಲ್ಲಿ ಕೇಳಿದೆ. ಶಕ್ತಿಗೆ ಅಂತ ಒಂದು ಅರಿಷ್ಟ ಕೊಟ್ಟರು. ಬೇರು, ದ್ರಾಕ್ಷಿ, ಬೆಲ್ಲ… ಇದಕ್ಕೆಲ್ಲ ಡಾಕ್ಟರನ್ನು ಕೇಳುವುದೇನು? ನಾಳೆ ಊಟ ಆದ ಮೇಲೆ ಶುರು. ಸಾಕಮ್ಮನಿಗೆ ಹೇಳಿಲ್ಲ. ನನ್ನ ಹೆಂಡತಿ ಬಾಟ್ಲಿ ಕಂಡರೆ ಸಾಕು, ಗಾಬರಿ ಬೀಳುತ್ತಾಳೆ.

ಏಪ್ರಿಲ್ 6, ಭಾನುವಾರ. ಆಸ್ಪತ್ರೆ

ಮಲಗಿರಿ ಅಂದಿದ್ದಾರೆ. ಆದರೂ ಬರೆಯಬೇಕು.

ನಿನ್ನೆ ಮಧ್ಯಾಹ್ನ ಉಂಡು ಎರಡು ಮುಚ್ಚಳ ಅರಿಷ್ಟ ಕುಡಿದೆ. ಹತ್ತು ನಿಮಿಷ ಆಗಿಲ್ಲ — ಮುಖ ಕೆಂಪಗೆ ಉರಿ, ಎದೆ ಡಬಡಬ, ಒಂದೇ ಸಮ ವಾಂತಿ. ಸತ್ತೆ ಅಂದುಕೊಂಡೆ. ಸಾಕಮ್ಮ, ಮಂಚಯ್ಯ ಇಬ್ಬರೂ ಆಟೋದಲ್ಲಿ ಹಾಕಿಕೊಂಡು ಬಂದರು. "ಏನಾದ್ರೂ ತಗೊಂಡಿದ್ರಾ?" ಅಂತ ಡಾಕ್ಟರು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಸಾಕಮ್ಮ —

"ಕುಡ್ದವ್ರೆ ಸಾ. ಕದ್ದು ಕುಡ್ದವ್ರೆ. ಪುಡಿ ಮೇಲೆ ಕುಡುದ್ರೆ ಇಂಗೇ ಆಯ್ತದೆ ಅಂದಿದ್ರು."

"ಯಾವ ಪುಡಿ?" ಡಾಕ್ಟರು ಕೇಳಿದರು. ನಾನೂ ಅದನ್ನೇ ಕೇಳಬೇಕೆಂದಿದ್ದೆ.

ಕುಡಿತ ಬಿಡಿಸುವ ಪುಡಿಯಂತೆ. ದಿನಾ ನನ್ನ ತಟ್ಟೆಯ ಸಾರಿಗೆ ಬೆರೆಸಿ ಬಡಿಸಿದ್ದಾಳೆ. ನಾಗಮಂಗಲದಿಂದ ತಂದುಕೊಟ್ಟವನು ಮಂಚಯ್ಯ. ಪಕ್ಕದಲ್ಲೇ ನಿಂತಿದ್ದ. ನೆಲ ನೋಡುತ್ತಿದ್ದ.

ಏಪ್ರಿಲ್ 8, ಮಂಗಳವಾರ. ಮನೆ

ಡಾಕ್ಟರು ಪುಡಿ, ಅರಿಷ್ಟ ಎರಡನ್ನೂ ತರಿಸಿ ನೋಡಿದರು. ಪುಡಿ ಪ್ಯಾಕೆಟ್ಟಿನ ಮೇಲೆ ಶುದ್ಧ ಗಿಡಮೂಲಿಕೆ ಅಂತ ಬಿಟ್ಟರೆ ಏನಿಲ್ಲ. ಮಾಡಿದವರ ಹೆಸರಿಲ್ಲ, ತಾರೀಕಿಲ್ಲ. ಒಳಗೆ ಕುಡಿತ ಬಿಡಿಸುವ ಇಂಗ್ಲಿಷ್ ಮಾತ್ರೆ ಅರೆದು ಸೇರಿಸಿರಬಹುದು ಅಂದರು. ಅರಿಷ್ಟ ಹುದುಗು ಬರಿಸಿ ಮಾಡುವುದಂತೆ, ಅದರಲ್ಲಿ ಸ್ವಲ್ಪ ಆಲ್ಕೋಹಾಲ್ ಇದ್ದೇ ಇರುತ್ತದೆ. ಬಾಟ್ಲಿ ಮೇಲೆ ಬರೆದೂ ಇತ್ತು. ನಾನು ಓದಿರಲಿಲ್ಲ. ಎರಡೂ ಸೇರಿ ಹೀಗಾಗಿದೆ. ಲಿವರಿಗೂ ಪೆಟ್ಟು ಬಿದ್ದಿರುವುದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು.

"ಗಿಡದ್ದಾದ್ರೂ ಔಷಧಿನೇ ಕಣ್ರಿ. ಏನ್ ತಗೊಂಡ್ರೂ ನಮಗೆ ಹೇಳ್ಬೇಕು" ಅಂದರು. ಅರಿಷ್ಟದ್ದು ನನ್ನ ತಪ್ಪು, ಒಪ್ಪಿದೆ. ಪುಡಿಯದ್ದು ಹೇಗೆ ಹೇಳಲಿ? ಊರವರ ಹಾಲಿನ ಬೆರಕೆ ಹಿಡಿಯುವವನಿಗೆ ತನ್ನ ತಟ್ಟೆಯದ್ದು ಗೊತ್ತಾಗಲಿಲ್ಲ.

ಲಿವರ್ ಸರಿಹೋಗುತ್ತದಂತೆ. ನನಗೆ ಉರಿಯುತ್ತಿರುವುದು ಬೇರೆ. ಗೆದ್ದದ್ದು ನಾನು ಅಂದುಕೊಂಡಿದ್ದೆ.

ಏಪ್ರಿಲ್ 9, ಬೆಳಿಗ್ಗೆ 11

ಸಾಕಮ್ಮನನ್ನು ಕೇಳಿದೆ. ಯಾವತ್ತಿನಿಂದ ಹಾಕ್ತಿದ್ದೆ?

"ಶಿವ್‌ರಾತ್ರಿ ಆದ ಮಾರ್ನೇ ದಿನದಿಂದ."

ಈ ಡೈರಿ ತೆಗೆದೆ. ಶಿವರಾತ್ರಿ ಫೆಬ್ರವರಿ 26. ನಾನು ಕೊನೆಯ ಸಲ ಕುಡಿದದ್ದು ಫೆಬ್ರವರಿ 9. ಪುಡಿ ಶುರುವಾಗುವ ಹೊತ್ತಿಗೆ ಬಿಟ್ಟು ಹದಿನೆಂಟು ದಿನ! ಬಿಟ್ಟವನು ನಾನೇ. ಪುಡಿ ಅಲ್ಲ. ಪುಟ ತೆಗೆದು ಅವಳ ಮುಂದೆ ಹಿಡಿದೆ. ಎಷ್ಟು ಖುಷಿಯಾಗಿತ್ತೆಂದರೆ ಬೈಯುವುದೂ ಮರೆತುಹೋಯಿತು.

ಬೆರಳಿಟ್ಟು ನಿಧಾನವಾಗಿ ಓದಿದಳು.

"ಇದ್ನ ಬರ್ದಿರೋರ್ಯಾರು? ನೀವೇ ತಾನೆ?"

ಡೈರಿ ನನ್ನ ಕೈಗೆ ವಾಪಸ್ ಕೊಟ್ಟು, "ಮೇಲ್ಕೋಟೆ ಮೆಟ್ಲ ಮೇಲೆ ನಿಂತ್ಕಂಡು ಆಣೆ ಮಾಡ್ದೋರೂ ನೀವೇ. ಎಷ್ಟ್ ದಿನ ತಡುದ್ರಿ?"

ನಾಲ್ಕು ದಿನ. ಡೈರಿ ಮುಚ್ಚಿದೆ.

ಏಪ್ರಿಲ್ 10

ಡೇರಿಯಲ್ಲಿ ಮಂಚಯ್ಯ. "ನಿನ್ ಒಳ್ಳೇದಕ್ಕೇ ಕಣ್ಲಾ ತಂದ್ಕೊಟ್ಟಿದ್ದು."

"ಬೆನ್ ತಟ್ಟಿದ್ಯಲ್ಲಾ, ಆವಾಗ ಪುಡಿ ನೆಪ್ಪಿತ್ತೇನ್ಲಾ?" ಅಂದೆ.

ಸ್ಕೂಟರ್ ಹತ್ತಿದ. ಥೂ.

ಏಪ್ರಿಲ್ 22, ಮಂಗಳವಾರ

ಡಾಕ್ಟರು ಪರವಾಗಿಲ್ಲ ಅಂದರು. ಎಪ್ಪತ್ತೆರಡನೇ ದಿನ. ಯಾರೂ ಕೇಳಲಿಲ್ಲ.

ಆಸ್ಪತ್ರೆಯಿಂದ ಬಂದಾಗಿನಿಂದ ನಾನೇ ಬಡಿಸಿಕೊಂಡು ಉಣ್ಣುತ್ತಿದ್ದೆ. ಇವತ್ತು ಸಾಕಮ್ಮ ಸೌಟು ಕಿತ್ತುಕೊಂಡು ತಾನೇ ಬಡಿಸಿದಳು. ನನ್ನ ತಟ್ಟೆಯ ಮುದ್ದೆಯಲ್ಲೇ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನನ್ನೆದುರಿಗೇ ನುಂಗಿದಳು. "ಈಗುಣ್ಣಿ." ಕಣ್ಣಲ್ಲಿ ನೀರಿತ್ತು. ನನಗೂ ಸಾಕಾಗಿತ್ತು ಈ ಮುನಿಸು.

ತಟ್ಟೆ ಹತ್ತಿರ ಸರಿಸಲು ಬಗ್ಗಿದಳು. ನನ್ನ ಮುಖದ ಹತ್ತಿರ ಬಂದು, ಗೊತ್ತಾಗದ ಹಾಗೆ ಉಸಿರೆಳೆದುಕೊಂಡಳು. ಬಾಯಿ ವಾಸನೆ ನೋಡಿದ್ದು. ಈಗಲೂ.

ನೋಡಿಕೊಳ್ಳಲಿ ಅಂತ ಬಾಯಿ ಅಗಲಿಸಿದೆ. ಅವಳು ವಾಸನೆ ನೋಡಲಿಲ್ಲ, ಸಾರಿಗೆ ಅದ್ದಿದ ಇನ್ನೊಂದು ತುತ್ತನ್ನು ಬಾಯಿಗಿಟ್ಟಳು.