ತವರಿನ ಕಪಿಲೆ

ಕಾಗಾಲ,
ತಾ. ೯-೨-೧೯೬೩

ಪ್ರೀತಿಯ ಮಗ ಮಹಾಗಣಪತಿಗೆ ಆಯಿಯ ಆಶೀರ್ವಾದ.

ನಿನ್ನ ಹೊಟ್ಟೆನೋವು ಹೇಗಿದೆ? ಭಟ್ಕಳದ ಖಾನಾವಳಿಯ ಖಾರ ನಿನಗೆ ಆಗುವುದಿಲ್ಲ, ಮಜ್ಜಿಗೆಯನ್ನಾದರೂ ಕೇಳಿ ಹಾಕಿಸಿಕೊ. ಇಲ್ಲಿ ಅಪ್ಪಯ್ಯನಿಗೆ ಕೆಮ್ಮು ಇಳಿದಿದೆ. ನಿನ್ನ ತಂಗಿ ವನಮಾಲೆಯ ಮದುವೆ ವೈಶಾಖದಲ್ಲೇ ಆಗಲಿ ಎಂದು ಹೊನ್ನಾವರದ ಬೀಗರು ಹೇಳಿಕಳಿಸಿದ್ದಾರೆ. ಅಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು. ಮುಂದಿನದನ್ನು ಊಟ ಮಾಡಿ ಓದು, ಓದಿದ ಮೇಲೆ ಅನ್ನ ಸೇರುವುದಿಲ್ಲ.

ನಮ್ಮ ಕಪಿಲೆ ಸತ್ತಿತು. ಕರು ಹಾಕಲಾಗದೆ ಸತ್ತಿತು. ಮೊನ್ನೆ ಗುರುವಾರ ಬೆಳಿಗ್ಗೆ ನೋವು ಶುರುವಾಯಿತು. ಮಧ್ಯಾಹ್ನವಾದರೂ ಗೊರಸು ಕಂಡದ್ದಷ್ಟೇ, ತಲೆ ಬರಲಿಲ್ಲ. ಕೆಲಸಕ್ಕೆ ಬರುವ ಚೌಡ ಎಣ್ಣೆ ಹಚ್ಚಿ ಎಳೆದ, ಅಪ್ಪಯ್ಯ ಎಳೆದರು, ನಾನೂ ಸೆರಗು ಕಟ್ಟಿ ಎಳೆದೆ. "ಅಮ್ಮಾ, ಇದು ಕರ ಅಲ್ಲ, ಕೋಣ" ಎಂದು ಚೌಡ ಕೈಬಿಟ್ಟು ಕೂತ. ಅಲ್ಲವೋ, ನನ್ನ ಸೊಂಟದೆತ್ತರದ ದನ ಅದು, ಅದರ ಹೊಟ್ಟೆಗೆ ನೀನು ಊರಿಗೆ ತಂದ ಆ ದೊಡ್ಡ ಜಾತಿಯ ಸಿಂಧಿ ಹೋರಿಯ ಕರುವೇ! ಕುಮಟೆಯಿಂದ ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕರುವೂ ಉಳಿಯಲಿಲ್ಲ. ಅದೂ ಹೆಣ್ಣು, ಕೇಳಿಸಿಕೊ.

ಹೋದ ಯುಗಾದಿಗೆ ನೀನೇ ಬಂದು ಊರಿನ ಗಿಡ್ಡ ಹೋರಿಗಳನ್ನೆಲ್ಲ ಸಾಲಾಗಿ ಕಟ್ಟಿಸಿ ಬೀಜ ಒಡೆದು ಕಸಿ ಮಾಡಿದೆಯಲ್ಲ. "ಇವು ದನವಾ ಆಯಿ? ಆಡಿನಾಂಗೆ ಇದ್ದು. ದೊಡ್ಡ ಜಾತಿ ಬಂದ್ರೆ ಕೊಡಪಾನ ತುಂಬ ಹಾಲು" ಎಂದೆ. ದನದ ಆಸ್ಪತ್ರೆಯ ಸ್ಟಾಕ್‌ಮನ್ ಆದ ಮಗನ ಮಾತಿಗೆ ಅಪ್ಪಯ್ಯ ಜಗಲಿಯಲ್ಲಿ ಕೂತು ತಲೆಯಾಡಿಸಿದ್ದೇ ಆಡಿಸಿದ್ದು. "ತಮಾ, ನಮ್ಮನಿಗೆ ಈ ಹಾಲೇ ಸಾಕು" ಎಂದು ನಾನು ಅಂದದ್ದಕ್ಕೆ ನೀನು ನಕ್ಕೆ. ಹೌದಪ್ಪ, ನಾಲ್ಕನೇ ಇಯತ್ತೆ ಓದಿದ ಆಯಿ, ನಗಬೇಕಾದದ್ದೇ. ಎಲ್ಲ ಊರಿಗೂ ಒಂದೇ ಹೋರಿ ಸಾಕೆಂದು ನಿನಗೆ ಕಲಿಸಿದವರು ಯಾರೂ ನಮ್ಮ ಗಜನಿ ಗದ್ದೆಯ ಉಪ್ಪು ಕೆಸರಿಗೆ ಇಳಿದವರಲ್ಲ. ನಿನ್ನ ಸಿಂಧಿ ಮಹಾರಾಯ ಮಳೆಗಾಲವಿಡೀ ಗೊರಸು ಕೊಳೆತು ಮಲಗಿದ್ದ. ಗಿಡ್ಡಗಳು ಅದೇ ಮಳೆಯಲ್ಲಿ ಗುಡ್ಡ ಹತ್ತಿ ಮೇಯ್ದು ಸಂಜೆ ತಾವಾಗಿ ಮನೆಗೆ ಬಂದವು. ಹಿಂಡಿ ಕೇಳಲಿಲ್ಲ, ಔಷಧ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಪಿಲೆ ಎಲ್ಲಿಯದೆಂದು ನಿನಗೆ ಮರೆತಿರಬಹುದು. ನನ್ನ ತವರಿನಲ್ಲಿ ಹೆಣ್ಣು ಮದುವೆಯಾಗಿ ಹೊರಟರೆ ಕೊಟ್ಟಿಗೆಯ ಒಂದು ಹೆಣ್ಣುಗರುವೂ ಜೊತೆಗೆ ಹೊರಡುತ್ತದೆ. ಅಜ್ಜಿ ಹಾಗೆ ತಂದಳು, ನನ್ನ ಆಯಿ ತಂದಳು, ನಾನು ತಂದೆ. ಆ ಸಂತಾನದಲ್ಲಿ ಹೆಣ್ಣೆಂದು ಉಳಿದದ್ದು ಕಪಿಲೆ ಒಂದೇ. ತವರಿನ ಕೊಟ್ಟಿಗೆಯಲ್ಲಿ ಈಗ ಬರೀ ಎಮ್ಮೆಗಳು. ಈ ಸೂಲಿನ ಕರು ವನಮಾಲೆಯ ಜೊತೆ ಹೊನ್ನಾವರಕ್ಕೆ ಎಂದುಕೊಂಡಿದ್ದೆ. ಕೂಸು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಆಯಿ, ನಂಗೆ ಕರ ಬ್ಯಾಡ, ನೀ ಅಳಡ" ಎಂದಳು. ಅವಳು ಬೇಡ ಎಂದದ್ದಕ್ಕೇ ನನಗೆ ಹೆಚ್ಚು ಉರಿಯಿತು. ಸಂಬಳ ಬಂದ ಮೇಲೆ ದೊಡ್ಡ ಜಾತಿಯ ಕರು ಕೊಡಿಸುತ್ತೇನೆ ಎಂದು ಮಾತ್ರ ಬರೆಯಬೇಡ. ಪೇಟೆಯಲ್ಲಿ ಸಿಗುವಂಥದ್ದಾಗಿದ್ದರೆ ನಾನೇಕೆ ಅಳುತ್ತಿದ್ದೆ?

ಸಿಟ್ಟು ಸಿಟ್ಟೇ, ಮಗ ಮಗನೇ. ಬಿಸಿಲಿಗೆ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಆಯಿ,
ಲಕ್ಷ್ಮೀ

ತಾ. ಕ.: ಶಿವರಾತ್ರಿ ಕಳೆದ ಮೇಲೆ ನಮ್ಮೂರಲ್ಲಿ ಮತ್ತೆ ಕಸಿ ಕ್ಯಾಂಪಂತೆ, ನೀನೇ ಬರುತ್ತೀಯಂತೆ. ಕಪಿಲೆಯ ಹಿಂದಿನ ಸೂಲಿನ ಹೋರಿಕರು ಇನ್ನೂ ಇದೆ, ಕಸಿಯಾಗಿಲ್ಲ. ಎಲ್ಲಿದೆ ಎಂದು ಚೌಡನಿಗೆ ಗೊತ್ತು, ನನಗೆ ಗೊತ್ತು. ಅಪ್ಪಯ್ಯನಿಗೂ ಹೇಳಿಲ್ಲ. ನೀನು ಬಂದು ಕೇಳಿದರೆ ಅಂಥ ಕರುವೇ ಇಲ್ಲ ಎನ್ನುತ್ತೇನೆ. ನಿನ್ನನ್ನು ಹೆತ್ತ ಮೇಲೆ, ನೀನು ಮನೆಗೆ ಬಾರದೆ ಇರಲಿ ಎಂದು ದೇವರಿಗೆ ದೀಪ ಹಚ್ಚಿದ್ದು ಇದೇ ಮೊದಲು.