ಟಿಕೆಟ್ಟಿನ ಅರ್ಧ ಗಂಟೆ

ಅಪ್ಪಾ,

ಸುಖವಾಗಿ ಬಂದು ತಲುಪಿ ಮೂರು ದಿನವಾಯಿತು. ನಲವತ್ತು ವರ್ಷ ಬಸ್ ನಿಲ್ದಾಣದಲ್ಲಿ ಟೈಂಕೀಪರ್ ಆಗಿದ್ದ ನೀವು ಬರೆದದ್ದನ್ನು ಮಾತ್ರ ನಂಬುವವರು. ಅದಕ್ಕೇ ಫೋನು ಬಿಟ್ಟು ಈ ಕಾರ್ಡು.

ನನ್ನ ವಿಮಾನದ ಟಿಕೆಟ್ಟಿನಲ್ಲಿ ಹತ್ತೂ ಹತ್ತಕ್ಕೆ ಹೊರಟು ಹತ್ತೂ ನಲವತ್ತಕ್ಕೆ ತಲುಪುತ್ತದೆ ಎಂದಿತ್ತಲ್ಲ, ಅದನ್ನು ನೋಡಿ ನೀವು ಪಕ್ಕದ ಮನೆಯ ಡ್ರೈವರ್ ಮಾವನ ಮುಂದೆ ಮೀಸೆ ತಿರುವಿದಿರಿ: "ಎರಡು ಸಾವಿರದ ಇನ್ನೂರು ಕಿಲೋಮೀಟರು, ಬರೀ ಅರ್ಧ ಗಂಟೆ ಕಣಯ್ಯಾ! ನಿನ್ನ ಬಸ್ಸು ಡಿಪೋ ಬಿಡೋಕೇ ಅಷ್ಟು ಹೊತ್ತು ಬೇಕಿತ್ತು."

ನಾನೂ ನಿಮ್ಮ ಮಗಳೇ ತಾನೇ? ಅರ್ಧ ಗಂಟೆಯಾದ ಕೂಡಲೇ ಚೀಲ ತೊಡೆಯ ಮೇಲಿಟ್ಟುಕೊಂಡು ಇಳಿಯಲು ತಯಾರಾದೆ. ಪಕ್ಕದ ಸೀಟಿನ ಅಜ್ಜಿ ನಕ್ಕುಬಿಟ್ಟರು. "ಇನ್ನೂ ಎರಡೂವರೆ ಗಂಟೆ ಇದೆ, ಕೂತ್ಕೊಳಮ್ಮಾ. ಆ ಊರಿನ ಗಡಿಯಾರ ನಮ್ಮದಕ್ಕಿಂತ ಅಷ್ಟು ಹಿಂದೆ" ಎಂದು ತಮ್ಮ ಕೈಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿ ತೋರಿಸಿದರು. ಒಟ್ಟು ಮೂರು ಗಂಟೆ ಹಿಡಿಯಿತು. ಮಾವನಿಗೆ ನೀವೇ ಹೇಳಿಬಿಡಿ. ಬೇರೆಯವರಿಂದ ಗೊತ್ತಾದರೆ ವರ್ಷವಿಡೀ ಆಡಿಕೊಳ್ಳುತ್ತಾರೆ.

ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು, ಈಗ ಸರಿಹೋಗಿದೆ. ಛಾಪಖಾನೆಯಲ್ಲಿ ಯಂತ್ರ ಜೋಡಿಸುವ ಕೆಲಸ ಶುರುವಾಗಿದೆ. ಅಮ್ಮನಿಗೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಬೇಡ ಅನ್ನಿ, ಆಗ ಇಲ್ಲಿ ಐದೂವರೆ.

ವಾಪಸು ಬರುವ ಟಿಕೆಟ್ಟಿನಲ್ಲಿ ಇದೇ ದಾರಿಗೆ ಐದೂವರೆ ಗಂಟೆ ಕಾಣುತ್ತದೆ. ಹಳೇ ಅಭ್ಯಾಸಕ್ಕೆ ಕೆಂಪು ಶಾಯಿ ತೆಗೆದು ನನ್ನ ಹೆಸರಿನ ಮುಂದೆ ‘ತಡ’ ಎಂದು ಬರೆದುಬಿಡಬೇಡಿ. ಆಗಲೂ ಮೂರೇ ಗಂಟೆ ಅಪ್ಪಾ, ನಾನು ದಾರಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ.

ಜಾಗ ಮುಗಿಯಿತು.
ನಿಮ್ಮ ಮಗಳು